ಗಾಳಿಯಲ್ಲಿ ಇಟ್ಟ ಗಡಿ

ಅತಿ ಕಡಿಮೆ ವರದಿ ಕಳಿಸುವ ಟ್ಯಾಂಕೇ ಅತ್ಯುತ್ತಮ ಟ್ಯಾಂಕೆಂದು ನೀರು ಸರಬರಾಜು ಇಲಾಖೆ ತೀರ್ಮಾನಿಸಿ, ಅದಕ್ಕೊಂದು ಪ್ರಶಸ್ತಿಯನ್ನೂ ಘೋಷಿಸಿತು.

ಈ ಕಚೇರಿಯ ಹಿತ್ತಲಿನ ಟ್ಯಾಂಕಿನ ಸೆನ್ಸರ್ ಗಡಿಯಾರ ನೋಡಿಕೊಂಡು ವರದಿ ಕಳಿಸುವ ಜಾತಿಯದಲ್ಲ. ನೀರು ಗೊತ್ತು ಮಾಡಿದ ಗಡಿ ಮುಟ್ಟಿದರಷ್ಟೇ ಸುದ್ದಿ ಕೊಡುತ್ತಿತ್ತು, ಪಂಪು ನಿಲ್ಲುತ್ತಿತ್ತು. ಅದು ಯಾವಾಗ, ಎಷ್ಟು ಸಲ ಬಾಯಿಬಿಡುತ್ತದೆಂದು ಅಳೆದು ಕಂಪ್ಯೂಟರ್ ತೆರೆಯ ಮೇಲೆ ಗೆರೆಯಾಗಿ ತೋರಿಸಲು ಇಂಜಿನಿಯರಮ್ಮ ರಾತ್ರಿಯೆಲ್ಲ ನಿದ್ದೆಗೆಟ್ಟು ಒಂದು ಸಾಫ್ಟ್‌ವೇರ್ ಬರೆದಳು. ಬರೆದು ಸಾಹೇಬರ ಕೈಗೆ ಕೊಟ್ಟಳು. ಕೋತಿ ಕೈಗೆ ಮಾಣಿಕ್ಯ ಸಿಕ್ಕಿತು.

"ಏನಮ್ಮಾ, ಗೆರೆ ಇಷ್ಟೊಂದು ಕುಣೀತಿದೆ?" ಎಂದು ಸಾಹೇಬರು ತೆರೆ ನೋಡಿ ಮುಖ ಸಿಂಡರಿಸಿದರು. "ಗಡಿ ಏರಿಸಿ."

ಏರಿಸಿದಳು. ಕುಣಿತ ತಗ್ಗಿತು. ಇನ್ನೂ ಏರಿಸಲು ಆದೇಶವಾಯಿತು. ಪ್ರಶಸ್ತಿಯ ಮುನ್ನಾದಿನ ಗಡಿ ಟ್ಯಾಂಕಿನ ಅಂಚು ದಾಟಿ, ಒಂದು ಗೇಣು ಮೇಲೆ, ಬರೀ ಗಾಳಿಯಲ್ಲಿ ಹೋಗಿ ಕೂತಿತು. ಗೆರೆ ನೆಟ್ಟಗೆ ಮಲಗಿತು.

"ಸಾರ್, ನೀರು ಅಷ್ಟೆತ್ತರ ಹೋಗೋದೇ ಇಲ್ಲ. ತುಂಬಿ ಚೆಲ್ಲುತ್ತೆ. ಟ್ಯಾಂಕಿನ ಬುಡದಲ್ಲೇ ನನ್ನ ತಂಗಿಯ ಹೊಲಿಗೆ ಅಂಗಡಿ ಇದೆ."

"ಚೆಲ್ಲಿದ್ರೆ ಸೆನ್ಸರ್ ಹೇಳಲ್ವೇನಮ್ಮಾ? ಅಂದಹಾಗೆ, ನಿಮ್ಮ ಬಡ್ತಿ ವಿಷಯ ನಾಳೆ ಮಾತಾಡೋಣ."

ಇಂಜಿನಿಯರಮ್ಮ ಗಡಿಯನ್ನು ಗಾಳಿಯಲ್ಲೇ ಬಿಟ್ಟು ಹೊರಟಳು. ಸೆನ್ಸರಿನ ಹಾಗೆ ಸುಮ್ಮನಿರುವ ಚಾಳಿ ಅಲ್ಲಿ ಎಲ್ಲರಿಗೂ ಅಂಟುತ್ತಿತ್ತು. ಅಷ್ಟರಲ್ಲೇ ನಿಯಮವೂ ಹೊರಟಿತು: "ಸೆನ್ಸರ್ ವರದಿ ಮಾಡದ ನೀರನ್ನು ಸಿಬ್ಬಂದಿಯು ನೀರೆಂದು ಪರಿಗಣಿಸತಕ್ಕದ್ದಲ್ಲ."

ಮರುದಿನ ಕಚೇರಿಯಲ್ಲೇ ಸಾಹೇಬರ ಕೊರಳಿಗೆ ಹಾರ ಬೀಳುತ್ತಿದ್ದಾಗ ಅವಳ ಫೋನು ಹೊಡೆದುಕೊಂಡಿತು.

"ಅಕ್ಕಾ, ಟ್ಯಾಂಕ್ ತುಂಬಿ ಸುರೀತಿದೆ ಕಣೇ! ಮೆಷಿನ್ ಎಲ್ಲ ಮುಳುಗ್ತಿವೆ. ಹೊಲಿಯೋಕೆ ಕೊಟ್ಟವರ ಬಟ್ಟೆಗಳು ತೇಲ್ತಿವೆ. ದಮ್ಮಯ್ಯ, ಪಂಪ್ ನಿಲ್ಸೇ!"

ಅವಳು ಥಟ್ಟನೆ ಎದ್ದು ನಿಂತಳು. ಸಾಹೇಬರು ಹಾರ ಸರಿಮಾಡಿಕೊಳ್ಳುತ್ತ, "ಯಾಕಮ್ಮಾ, ನಿಮ್ಮ ಸಾಫ್ಟ್‌ವೇರ್ ಏನನ್ನುತ್ತೆ?" ಎಂದರು.

ತೆರೆಯ ಮೇಲೆ ಗೆರೆ ನೆಟ್ಟಗಿತ್ತು. ಬಾಗಿಲ ಸಂದಿಯಿಂದ ನೀರು ಒಳಗೆ ಹರಿದು ಬಂತು. ಮುಖ್ಯ ಅತಿಥಿಗಳು ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಗುಮಾಸ್ತರೂ ಹಾಗೇ ಮಾಡಿದರು. ಮೊಣಕಾಲು ತಬ್ಬಿಕೊಂಡೇ ಎಲ್ಲರೂ ಚಪ್ಪಾಳೆ ತಟ್ಟಿದರು. "ನಮ್ಮ ಹೊಸ ಹಿರಿಯ ಇಂಜಿನಿಯರ್!" ಎಂದು ಸಾಹೇಬರು ಅವಳತ್ತ ಕೈ ತೋರಿಸಿದರು.

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಕುರ್ಚಿಯ ಮೇಲೆ ಹತ್ತಿ ನಿಂತಳು. ಫೋನಿಗೆ ಕೈ ಅಡ್ಡ ಇಟ್ಟುಕೊಂಡು, ತೆರೆಯತ್ತಲೇ ನೋಡುತ್ತ ಮೆಲ್ಲಗೆ ಹೇಳಿದಳು:

"ಅಳಬೇಡ್ವೇ. ನೀರು ಬಂದಿಲ್ಲ. ಇಲ್ಲಿ ನೋಡ್ತಾ ಇದೀನಲ್ಲ."