ನಾನು ಕಟ್ಟೆ ಬಿಟ್ಟು ಏಳಲಿಲ್ಲ

ಮನೆ ಅಂದಮೇಲೆ ಅದರಲ್ಲಿ ಮನುಷ್ಯರಿರಬೇಕು ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದೆ. ತಪ್ಪಂತೆ. ಮನೆ ಚೆಂದ ಕಾಣಬೇಕಾದರೆ ಅದರಲ್ಲಿ ಯಾರೂ ಇರಬಾರದಂತೆ. ಇದು ನನ್ನ ಮಾತಲ್ಲ, ಮನೆ ಕಟ್ಟುವುದನ್ನು ಕಾಲೇಜಿನಲ್ಲಿ ಓದಿ ಬಂದವರ ಮಾತು. ನಾನು ಓದಿದ್ದು ಮಾಯಕೊಂಡದ ಶಾಲೆಯಲ್ಲಿ ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ಆದರೆ ಕೂತ ಜಾಗದಿಂದ ಯಾರಾದರೂ ಏಳು ಅಂದರೆ ಏಳಬೇಕೋ ಬೇಡವೋ ಅನ್ನುವುದಕ್ಕೆ ಅಷ್ಟು ಓದು ಸಾಕು.

ನನ್ನ ಸೊಸೆ ವೀಣಾ ಆರ್ಕಿಟೆಕ್ಟು. ಹರಿಹರದ ಹುಡುಗಿ. ನಿಜಲಿಂಗಪ್ಪ ಬಡಾವಣೆಯಲ್ಲಿ ನಾವು ಈಗಿರುವ ಮನೆಗೆ ನಕ್ಷೆ ಹಾಕಿದವಳು ಅವಳೇ. ದಾವಣಗೆರೆ, ಹರಿಹರದ ಆರ್ಕಿಟೆಕ್ಟುಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ. ಸಂಘಕ್ಕೆ ಒಂದು ಪತ್ರಿಕೆ, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ತಿಂಗಳಿಗೊಮ್ಮೆ ಮನೆಗೆ ಬರುತ್ತದೆ. ವೀಣಾ ಓದುವುದಕ್ಕಿಂತ ಮೊದಲು ನಾನು ತಿರುವಿ ಹಾಕುತ್ತೇನೆ. ಯಾರು ಯಾವ ಸೇತುವೆ ನೋಡಿ ಬಂದರು, ಯಾವ ಸಿಮೆಂಟಿನವರು ಊಟ ಹಾಕಿಸಿದರು, ಯಾರು ಯಾರಿಗೆ ಶಾಲು ಹೊದಿಸಿದರು, ಎಲ್ಲ ಇರುತ್ತದೆ. ಕಟ್ಟಡ ಕಟ್ಟುವವರ ಪತ್ರಿಕೆಯಲ್ಲಿ ಕಟ್ಟಡಕ್ಕಿಂತ ಶಾಲುಗಳೇ ಹೆಚ್ಚು. ಇನ್ನು ಮನೆಗಳ ಫೋಟೊ ನೋಡಿದರೆ ಪ್ಲೇಗು ಬಂದು ಊರು ಬಿಟ್ಟು ಹೋದ ಹಾಗೆ. ಒಂದು ನರಪಿಳ್ಳೆ ಇಲ್ಲ. ಹಗ್ಗದ ಮೇಲೆ ಒಂದು ಟವಲ್ಲಿಲ್ಲ, ಮೂಲೆಯಲ್ಲಿ ಪೊರಕೆಯಿಲ್ಲ. ಮೇಜಿನ ಮೇಲೆ ಮಾತ್ರ ಒಂದು ಬಟ್ಟಲಲ್ಲಿ ಹಸಿರು ಸೇಬು. ಪ್ರತಿ ಮನೆಯಲ್ಲೂ ಅವೇ ಸೇಬು. ಒಬ್ಬರ ಮನೆಯಿಂದ ಒಬ್ಬರ ಮನೆಗೆ ಕಡ ಒಯ್ಯುತ್ತಾರೋ ಏನೋ.

ನಮ್ಮ ಕಾಲದಲ್ಲಿ ಫೋಟೊ ಅಂದರೆ ನುಗ್ಗಾಟ. ನನ್ನ ಮದುವೆಯ ಫೋಟೊದಲ್ಲಿ ನಾನು ಎಲ್ಲಿದ್ದೇನೆ ಅಂತ ಬೆರಳಿಟ್ಟು ತೋರಿಸಬೇಕು. ನಮ್ಮ ಸೋದರತ್ತೆ ಮದುಮಗಳಿಗಿಂತ ಮುಂದೆ ಬಂದು ನಿಂತಿದ್ದಾಳೆ, ಅವಳ ಪಕ್ಕಕ್ಕೆ ಎಮ್ಮೆಯ ಅರ್ಧ ಮುಖ. ಎಮ್ಮೆಗೂ ಆಸೆ ಇರುತ್ತದೆ.

ಇರಲಿ. ಈ ಸಲ ಪತ್ರಿಕೆಯಲ್ಲಿ ನಮ್ಮ ಮನೆ ಹಾಕುತ್ತೇವೆ ಅಂತ ಸಂಘದವರು ಹೇಳಿದರು. ವೀಣಾಳ ಕೆಲಸ ಅದರಲ್ಲಿ ಬರುತ್ತಿರುವುದು ಅದೇ ಮೊದಲು. ಅಲ್ಲಿಯವರೆಗೆ ಸಂಘದ ಸಭೆಗಳಲ್ಲಿ ಅವಳಿಗೆ ಕೊಡುತ್ತಿದ್ದದ್ದು ಎರಡೇ ಕೆಲಸ: ಹೂಗುಚ್ಛ ತಂದುಕೊಡುವುದು, ಕೊನೆಗೆ ವಂದನಾರ್ಪಣೆ ಮಾಡುವುದು. ಅವಳು ವಂದಿಸಲು ನಿಲ್ಲುವ ಹೊತ್ತಿಗೆ ಜನವೆಲ್ಲ ಊಟದ ತಟ್ಟೆ ಹಿಡಿದಿರುತ್ತಿದ್ದರಂತೆ. ಹಾಗಾಗಿ ಫೋಟೊದವನು ಬರುವ ದಿನ ಅವಳು ಬೆಳಿಗ್ಗೆಯಿಂದಲೇ ಮೈಮೇಲೆ ದೇವರು ಬಂದವಳಂತೆ ಓಡಾಡಿದಳು. ನನ್ನ ಚಾಪೆ, ಬಕೆಟ್ಟು, ಕ್ಯಾಲೆಂಡರು, ಒಣಹಾಕಿದ ಮೆಣಸಿನಕಾಯಿ, ನನ್ನ ಮಂಡಿನೋವಿನ ಎಣ್ಣೆ, ಎಲ್ಲವೂ ಬಚ್ಚಲು ಸೇರಿದವು. ಮೇಜಿನ ಮೇಲೆ ಹಸಿರು ಸೇಬು ಬಂದವು. ಸಹಿಸಿಕೊಂಡೆ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಂದಿನ ಕಟ್ಟೆಯ ಸರದಿ ಬಂತು. ಆ ಕಟ್ಟೆ ನಾನು ಕೇಳಿ ಕಟ್ಟಿಸಿಕೊಂಡದ್ದು. ಮನೆಗೆ ಬಂದವರೆಲ್ಲ ಹೊಗಳುವುದು ಅದನ್ನೇ. ನಾನು ದಿನಾ ಸಂಜೆಯ ಹಾಗೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿದ್ದೆ.

“ಅತ್ತೀ, ಸ್ವಲ್ಪ ಒಳಗ ಕೂಡ್ರಿ. ಐದೇ ನಿಮಿಷ” ಅಂದಳು ವೀಣಾ.

“ಯಾಕ?”

“ಕಟ್ಟಿ ಫೋಟೊ ತಗೀಬೇಕು.”

“ತಗೀರಿ. ನಾನೇನು ಕಟ್ಟೀನ ಮಡ್ಲಾಗ ಕಟ್ಕೊಂಡು ಹೊಂಟೀನಾ?”

“ಹಂಗಲ್ಲ ಅತ್ತೀ, ಖಾಲಿ ಇರಬೇಕು.”

“ಈ ಕಟ್ಟಿ ಕಟ್ಟಿದ್ದು ಯಾರಿಗೆ?”

“ನಿಮಗ.”

“ಮತ್ತೆ ನಾನು ಎದ್ದ ಮ್ಯಾಲೆ ಇದು ಯಾರಿಗೆ?”

ಫೋಟೊದವನು ಮಂಜು ಅಂತ, ಹರಿಹರದವನೇ. ಗಡಿಯಾರ ನೋಡಿದ, ಆಕಾಶ ನೋಡಿದ. “ಅಜ್ಜೀ, ಬೆಳಕು ಹೋಗ್ತೈತೆ. ಪಕ್ಕಕ್ಕ ಸರೀರಿ, ನಿಮ್ದು ಆಮೇಲೆ ಬೇರೆ ತಗೀತೀನಿ, ಒಬ್ಬರದೇ, ಚೆಂದಾಗಿ” ಅಂದ. ಒಬ್ಬರದೇ ಫೋಟೊ ಯಾವುದಕ್ಕೆ ತೆಗೆಯುತ್ತಾರೆ ಅಂತ ನನ್ನ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. “ಹಾರ ಹಾಕಾಕಾ? ಬ್ಯಾಡ” ಅಂದೆ. ಮಗ ಬಟ್ಟೆ ಅಂಗಡಿಯಿಂದ ಆಗ ತಾನೇ ಬಂದವನು, ಗೇಟಿನ ಹೊರಗೇ ನಿಂತುಬಿಟ್ಟ. ಇಬ್ಬರು ಹೆಂಗಸರ ನಡುವೆ ಬರಬಾರದು ಅನ್ನುವಷ್ಟು ಬುದ್ಧಿ ಅವನಿಗಿದೆ.

ವೀಣಾಳ ಕಣ್ಣು ತುಂಬಿದ್ದು ನನಗೆ ಕಾಣಲಿಲ್ಲ ಅಂತೇನಿಲ್ಲ. ಅವಳಿಗೆ ಆ ಫೋಟೊ ಎಷ್ಟು ಬೇಕಾಗಿತ್ತು ಅನ್ನುವುದೂ ಗೊತ್ತಿತ್ತು. ಆದರೆ ನನ್ನ ಚಾಪೆ ಬಚ್ಚಲಿಗೆ ಹೋಯಿತು, ನನ್ನ ಎಣ್ಣೆ ಹೋಯಿತು, ಈಗ ನಾನೂ ಬಚ್ಚಲಿಗೆ ಹೋಗಿ ಕೂತರೆ ಇದು ಯಾರ ಮನೆ ಅಂತ ಪತ್ರಿಕೆ ನೋಡಿದವರು ಕೇಳುವುದಿಲ್ಲವೇ? ಸೇಬಿನ ಮನೆ ಅನ್ನಬೇಕೇ? ಏಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಮುಗಿದಿದ್ದರೂ ಹುಡುಕುತ್ತ ಕೂತೆ. ಬೆಳಕು ಹೋಗುವುದರೊಳಗೆ ಮಂಜು ಸಿಟ್ಟಿನಿಂದ ನನ್ನನ್ನೂ ಸೇರಿಸಿ ಕ್ಲಿಕ್ಕಿಸಿ ಹೊರಟುಹೋದ. ಅವತ್ತಿನಿಂದ ವೀಣಾಳಿಂದ ನನಗೆ ಹೊತ್ತುಹೊತ್ತಿಗೆ ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಪತ್ರಿಕೆ ಬಂತು. ಪುಟದ ತುಂಬ ನಮ್ಮ ಕಟ್ಟೆ, ಕಟ್ಟೆಯ ಮೇಲೆ ನಾನು, ತೊಡೆಯ ಮೇಲೆ ಮೊರ. ಕೆಳಗೆ ಕನ್ನಡದಲ್ಲೇ ಒಂದು ಸಾಲು. ನನ್ನ ಹೆಸರಿರಬಹುದು ಅಂತ ಕೂಡಿಸಿ ಕೂಡಿಸಿ ಓದಿದೆ. ‘ಕಟ್ಟೆ ಮತ್ತು ಗೋಡೆಯ ಎತ್ತರವನ್ನು ಮನುಷ್ಯಾಕೃತಿಯೊಂದಿಗೆ ಹೋಲಿಸಬಹುದು.’

“ಮನುಷ್ಯಾಕೃತಿ ಅಂದ್ರ ಯಾರು?” ಅಂತ ವೀಣಾಳನ್ನು ಕೇಳಿದೆ.

ಅವಳು ಅಷ್ಟು ದಿನದ ಮೇಲೆ ಬಾಯಿ ಬಿಟ್ಟಳು. “ನೀವೇ ಅತ್ತೀ. ಫೋಟೊದಾಗ ಒಬ್ಬರು ಇದ್ರ ಗೋಡಿ ಎಷ್ಟು ಎತ್ತರ ಐತೆ ಅಂತ ನೋಡಿದವರಿಗೆ ತಿಳೀತೈತೆ. ಅಳತಿಗೆ.”

“ಅಂದ್ರ ನಾನು ಟೇಪಾ?”

“ಟೇಪು ಹೇಳಿದಂಗ ಕೇಳ್ತೈತೆ” ಅಂದು ಒಳಗೆ ಹೋದಳು. ಸೊಸೆಯಂದಿರಿಗೂ ಮಾತು ಬರುತ್ತದೆ.

ಆ ಸಾಲಿನ ಸಿಟ್ಟು ಇಟ್ಟುಕೊಂಡೇ ಹರಿಹರದಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭಕ್ಕೆ ನಾನೂ ಹೊರಟೆ. ಯಾರೂ ಕರೆಯಲಿಲ್ಲ, ನಾನೇ ಕಾರಿನಲ್ಲಿ ಹೋಗಿ ಕೂತೆ. ಹಾಲಿನ ತುಂಬ ದೊಡ್ಡ ದೊಡ್ಡ ಫೋಟೊ. ಖಾಲಿ ಮನೆ, ಖಾಲಿ ಮನೆ, ಖಾಲಿ ಮನೆ, ನಡುವೆ ನಾನು. ಜನ ನಿಂತಿದ್ದದ್ದು ನಮ್ಮ ಫೋಟೊದ ಮುಂದೆ. ಆ ಸಲ ವೀಣಾಳ ಕೈಗೆ ಯಾರೂ ಹೂಗುಚ್ಛ ಕೊಟ್ಟು ಓಡಾಡಿಸಲಿಲ್ಲ. ವೇದಿಕೆಗೆ ಕರೆದು ಕಟ್ಟೆಯ ಬಗ್ಗೆ ಮಾತಾಡಿಸಿದರು. ಊಟಕ್ಕೆ ಮೊದಲು. ಅವಳು ನನ್ನ ಕಡೆ ನೋಡಲಿಲ್ಲ, ಆದರೆ ಇಳಿದು ಬಂದು ಮಂಡಕ್ಕಿ ಮೆಣಸಿನಕಾಯಿಯ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು.

ಸಂಘದ ಕಾರ್ಯದರ್ಶಿ ಬಂದು ಕೈ ಮುಗಿದರು. “ಅಮ್ಮಾ, ಹೊಳೀ ಕಡೆ ಒಬ್ಬರಿಗೆ ನಾನೊಂದು ಮನಿ ಕಟ್ಟಿಕೊಟ್ಟೀನಿ. ಅದರ ಫೋಟೊಕ್ಕೂ ನೀವು ಬಂದು ಕೂಡ್ರಬೇಕು. ನೀವಿದ್ರ ಫೋಟೊಕ್ಕ ಕಳೆ ಬರ್ತೈತೆ.”

“ಬರ್ತೀನಿ. ಆದ್ರ ಹೆಸರು ಹಾಕ್ಬೇಕು. ಮನುಷ್ಯಾಕೃತಿ ಗಿನುಷ್ಯಾಕೃತಿ ನಡಿಯಂಗಿಲ್ಲ. ಮೊರಾನೂ ತರ್ತೀನಿ.”

ಒಪ್ಪಿದರು. ಹೇಳಿದ ಸಂಜೆ ಇಳಕಲ್ ಸೀರೆ ಉಟ್ಟು, ಪೌಡರು ಹಚ್ಚಿಕೊಂಡು ವೀಣಾಳ ಜೊತೆ ಹೋದೆ. ಅದೇ ಮಂಜು, ಅದೇ ಕ್ಯಾಮೆರಾ. ಹೊಸ ಮನೆಯ ಮುಂದೆ ಒಳ್ಳೆ ಕಲ್ಲಿನ ಕಟ್ಟೆ. ಒಂದು ತುದಿಯಲ್ಲಿ ನಾನು ಮೊರ ಹಿಡಿದು ಕೂತೆ. ಇನ್ನೊಂದು ತುದಿಯಲ್ಲಿ ನನ್ನದೇ ವಯಸ್ಸಿನ ಒಬ್ಬಳು ಮುದುಕಿ, ಮಾಸಿದ ಸೀರೆಯಲ್ಲಿ, ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಬಿಸಿಲು ಇಳಿಯುತ್ತಿತ್ತು. ಅವಳು ಕದಲುವ ಲಕ್ಷಣ ಕಾಣಲಿಲ್ಲ.

“ಯವ್ವಾ, ಸ್ವಲ್ಪ ಒಳಗ ಹೋಗು. ಐದೇ ನಿಮಿಷ. ಬೆಳಕು ಹೋಗ್ತೈತೆ” ಅಂದೆ.

ಅವಳು ಸುಣ್ಣದ ಬೆರಳನ್ನು ಕಟ್ಟೆಗೆ ಒರೆಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಯಾಕ? ಇದು ನನ್ನ ಮನಿ. ನೀನ್ಯಾರು?”

ಹಿಂದೆ ವೀಣಾ ನಕ್ಕದ್ದು ಕೇಳಿಸಿತು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗದೆ ಬಂದಂಥ ನಗು. ನಾನು ತಿರುಗಿ ನೋಡಲಿಲ್ಲ. ಫೋಟೊ ತೆಗೆಯುವಾಗ ಅಲುಗಾಡಬಾರದು.