ಹೆಸರು ಅಳಿಸಿ ಓದುವ ಕಾಕಾ

ನಮ್ಮ ಕಾಕಾನ ಮನೆಯಲ್ಲಿ ಚಹಾ ಕುಡಿಯಬೇಕಾದರೆ ಪರೀಕ್ಷೆಗೆ ಕೂರಬೇಕು. ಸುಳ್ಳಲ್ಲ! ಡೊಂಬಿವಲಿಯ ಆ ಮೂರನೆಯ ಮಹಡಿಯ ಫ್ಲ್ಯಾಟಿಗೆ ಹೋದವರ ಕೈಗೆ ಮೊದಲು ನೀರಿನ ಲೋಟ ಬರುತ್ತದೆ, ಆಮೇಲೆ ಎರಡು ಪೇಪರ್ ಕಟಿಂಗು ಬರುತ್ತವೆ. ಸರಿಯಾದ ಉತ್ತರ ಹೇಳಿದವರಿಗೆ ಚಹಾ. ತಪ್ಪು ಹೇಳಿದವರಿಗೂ ಚಹಾ ಬರುತ್ತದೆನ್ನಿ, ಯಾಕೆಂದರೆ ಅದನ್ನು ಮಾಡುವವರು ಅವರ ಹೆಂಡತಿ, ನಮ್ಮ ಕಾಕು. ಆದರೆ ಕಪ್ಪು ಖಾಲಿಯಾಗುವ ತನಕ ಕಾಕಾನ ವಿವರಣೆ ಕೇಳಬೇಕಾಗುತ್ತದೆ. ಬಿಸಿ ಚಹಾ ಗಟಗಟ ಕುಡಿದು ಬಾಯಿ ಸುಟ್ಟುಕೊಂಡು ಎದ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಟಿಂಗು ಯಾವುದೆಂದು ಹೇಳಬೇಕಲ್ಲ? ಠಾಣೆಯಿಂದ ಕಲ್ಯಾಣದ ತನಕ, ಇತ್ತ ವಾಶಿ, ಖಾರಘರದ ತನಕ ಹರಡಿರುವ ನಮ್ಮಂಥ ಕನ್ನಡಿಗರಿಗಾಗಿ ಹೊರಡುವ ಒಂದು ವಾರಪತ್ರಿಕೆ ಇದೆ. ಹೆಸರು ಬೇಡ, ನಾನೂ ನಾಲ್ಕು ಜನರ ನಡುವೆ ಬದುಕಬೇಕು. ಹೊಸ ಹೋಟೆಲಿನ ಉದ್ಘಾಟನೆ, ಹತ್ತನೆಯ ತರಗತಿ ಪಾಸಾದ ಮಕ್ಕಳ ಫೋಟೋ, ವಧು-ವರರ ಜಾಹೀರಾತು, ಯಾರದೋ ಅರವತ್ತರ ಸನ್ಮಾನ, ಇಷ್ಟೇ ಅದರ ಲೋಕ. ಚುನಾವಣೆ ಬಂತೆಂದರೆ ಮಾತ್ರ ಅದಕ್ಕೆ ಮೀಸೆ ಬರುತ್ತದೆ. ಮುಖಪುಟದಲ್ಲಿ ‘ನಮ್ಮ ಬೆಂಬಲ ಇವರಿಗೆ’ ಎಂದು ವಾರ್ಡುವಾರು ಪಟ್ಟಿ ಹಾಕಿ, ಬೆಂಬಲ ಯಾಕೆ, ಉಳಿದವರಿಗೆ ಯಾಕಿಲ್ಲ ಎಂದು ನಾಲ್ಕು ನಾಲ್ಕು ಸಾಲು ಬರೆಯುತ್ತದೆ. ಬೇರೆಯವರು ಆ ಪುಟ ಓದಿ ಮರೆಯುತ್ತಾರೆ. ಕಾಕಾ ಕತ್ತರಿಸಿ ಫೈಲಿಗೆ ಹಾಕುತ್ತಾರೆ. ಆ ಫೈಲುಗಳಿಂದಾಗಿ ಅವರ ಮನೆಯ ಕಪಾಟಿನ ಬಾಗಿಲು ಎಷ್ಟೋ ವರ್ಷಗಳಿಂದ ಪೂರ್ತಿ ಮುಚ್ಚಿಲ್ಲ.

ಪರೀಕ್ಷೆಗೆ ಇಡುವ ಕಟಿಂಗಿನಲ್ಲಿ ಹೆಸರು, ಪಕ್ಷ, ಫೋಟೋ ಎಲ್ಲದರ ಮೇಲೂ ಕರಿ ಸ್ಕೆಚ್ ಪೆನ್ನು ತಿಕ್ಕಿರುತ್ತಾರೆ. ಒಂದರಲ್ಲಿ ‘ಯಾರ ಒತ್ತಡಕ್ಕೂ ಜಗ್ಗದ ಗಟ್ಟಿ ನಾಯಕ’ ಎಂದಿರುತ್ತದೆ. ಇನ್ನೊಂದರಲ್ಲಿ ‘ಯಾರ ಮಾತನ್ನೂ ಕೇಳದ ಹಠಮಾರಿ’ ಎಂದಿರುತ್ತದೆ. ಇಬ್ಬರಲ್ಲಿ ವ್ಯತ್ಯಾಸವೇನು, ಹೇಳಿ ನೋಡೋಣ? ಬಂದವರು ತಲೆ ಕೆರೆದುಕೊಂಡು ಮೊದಲನೆಯವನು ಒಳ್ಳೆಯವನು, ಎರಡನೆಯವನು ಕೆಟ್ಟವನು ಎನ್ನುತ್ತಾರೆ. ಇಬ್ಬರೂ ಒಬ್ಬನೇ! ನಡುವೆ ಪಕ್ಷ ಬದಲಿಸಿದ್ದ, ಅಷ್ಟೇ.

ಕಾಕಾ ಮೂಲತಃ ಧಾರವಾಡದ ಕಡೆಯವರು. ಠಾಣೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದರು. ದಿನವಿಡೀ ಬೋಲ್ಟುಗಳನ್ನು ಗೇಜಿಗೆ ಹಾಕಿ ನೋಡುವ ಕೆಲಸ. ಹೊಂದಿದ್ದು ಈ ಡಬ್ಬಕ್ಕೆ, ಹೊಂದದ್ದು ಆ ಡಬ್ಬಕ್ಕೆ. ನೀನು ಯಾರ ಪೈಕಿ ಎಂದು ಬೋಲ್ಟಿಗೆ ಯಾರೂ ಕೇಳುವುದಿಲ್ಲ, ಮನುಷ್ಯರಿಗೂ ಕೇಳಬಾರದು ಎಂಬುದು ಅವರ ಒಟ್ಟು ತತ್ತ್ವಜ್ಞಾನ. ಕೇಳಲಿಕ್ಕೆ ಚೆನ್ನಾಗಿದೆ. ಅಂಥವರ ಜೊತೆ ಒಂದು ವಾರ ಇದ್ದು ನೋಡಿ! ಕಾಕಾನ ತಂಗಿ ಮಾಡಿದ ತೆಳ್ಳಗಿನ ಸಾರನ್ನು ಕಾಕು ಒಮ್ಮೆ ‘ನೀರು’ ಎಂದರು. ಮರುವಾರ ತಮ್ಮ ಅಕ್ಕ ಮಾಡಿದ ತೆಳ್ಳಗಿನ ಸಾರನ್ನು ‘ಹಗುರ, ಹೊಟ್ಟೆಗೆ ಹಿತ’ ಎಂದರು. ಕಾಕಾ ಅಲ್ಲಿಯೇ, ಅಕ್ಕನ ಎದುರಿಗೇ, ಹಿಂದಿನ ವಾರದ ತೀರ್ಪನ್ನು ಓದಿ ಹೇಳಿದರು. ಕಾಕುವಿನ ಅಕ್ಕ ಆಮೇಲೆ ಎರಡು ದೀಪಾವಳಿ ಆ ಮನೆಗೆ ಬರಲಿಲ್ಲ.

ಪತ್ರಿಕೆಗೆ ಕಾಕಾ ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಇತ್ತೀಚೆಗೆ ಪತ್ರಿಕೆಯವರು ಪತ್ರಗಳನ್ನು ಈಮೇಲಿನಲ್ಲೇ ಕಳಿಸಿ ಎಂದದ್ದರಿಂದ ನನ್ನ ಪಾಲಿಗೆ ಈ ಕರ್ಮ ಬಂತು. ಅಣ್ಣನ ಮಗಳು, ಖಾರಘರದಲ್ಲಿ ಆಫೀಸು, ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೆ, ಸಾಕಲ್ಲ? ಭಾನುವಾರ ಠಾಣೆಗೆ ಬಂದು ಟ್ರೇನು ಬದಲಿಸಿ ಡೊಂಬಿವಲಿಗೆ ಹೋಗುವುದು, ಕಾಕಾ ಹೇಳುವುದು, ನಾನು ಟೈಪು ಮಾಡುವುದು. ಒಂದೂ ಅಚ್ಚಾಗಲಿಲ್ಲ. ಕಲ್ಯಾಣದ ಒಂದು ಮದುವೆಯಲ್ಲಿ ಸಂಪಾದಕರು ಕಾಕಾನನ್ನು ದೂರದಿಂದ ಕಂಡು ಊಟ ಬಿಟ್ಟು ಹೋದರಂತೆ. ಅದಕ್ಕೂ ಒಂದು ಪತ್ರ ಹೋಯಿತು: ಇದಕ್ಕೆ ಮುಂಚಿನ ಮದುವೆಯಲ್ಲಿ ನಾನಿರಲಿಲ್ಲ, ತಾವು ಐಸ್‌ಕ್ರೀಮಿನ ತನಕ ಇದ್ದಿರಿ, ಈ ಭೇದ ಯಾಕೆ?

ನಿಜ ಹೇಳಬೇಕೆಂದರೆ ಈ ಪರೀಕ್ಷೆಯಿಂದ ಒಂದು ಒಳ್ಳೆಯ ಕೆಲಸವೂ ಆಗಿದೆ. ಕಾಕಾನ ಮಗಳನ್ನು ನೋಡಲು ವರ್ತಕ ನಗರದಿಂದ ಒಬ್ಬ ಹುಡುಗ ಬಂದಿದ್ದ. ಮನೆಮಾತು ಕನ್ನಡವೇ, ಓದಲು ಬಾರದು. ಕಾಕಾ ಬಿಡುತ್ತಾರೆಯೇ? ಎರಡೂ ಕಟಿಂಗುಗಳನ್ನು ತಾವೇ ಗಟ್ಟಿಯಾಗಿ ಓದಿದರು. ಹುಡುಗನ ತಾಯಿ ಕೈಯಲ್ಲಿದ್ದ ಚಕ್ಕುಲಿಯನ್ನು ಹಾಗೇ ಹಿಡಿದು ಕೂತರು. ಹುಡುಗ ಒಂದು ಕ್ಷಣ ಯೋಚಿಸಿ, “ಅಂಕಲ್, ದೋನೋ ತೋ ಸೇಮ್ ಹೀ ಹೈ ನಾ” ಎಂದ, ಎರಡೂ ಒಂದೇ ತಾನೆ ಎಂದು. ಜಾತಕ ಆಮೇಲೆ ನೋಡಿದರು, ಮದುವೆ ಅಲ್ಲಿಗೇ ನಿಶ್ಚಯವಾಗಿತ್ತು.

ಇಷ್ಟರ ತನಕ ಎಲ್ಲ ನಗುವ ಮಾತೇ. ಆಮೇಲೆ ಬಂತು ಪಾಲಿಕೆ ಚುನಾವಣೆ. ವಾರ್ಡಿನ ಒಂದು ಸೀಟು ಮಹಿಳೆಯರಿಗೆ ಮೀಸಲಾಯಿತು, ಅದಕ್ಕೆ ಪಕ್ಷೇತರರಾಗಿ ಅರ್ಜಿ ಹಾಕಿದವರು ಯಾರು? ನಮ್ಮ ಕಾಕು!

ಕಾಕು ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುವವರು, ರಾಜಕೀಯದ ಗಂಧ ಇಲ್ಲದವರು. ಅವರಿಗೆ ಬೇಕಾಗಿದ್ದದ್ದು ಒಂದೇ. ತರಕಾರಿ ಮಾರ್ಕೆಟಿನಲ್ಲಿ ಬೆಳಗಿನಿಂದ ಕೂರುವ ಹೆಂಗಸರಿಗೆ ಹತ್ತಿರದಲ್ಲಿ ಒಂದು ಶೌಚಾಲಯ. ಅದಿಲ್ಲದೆ ಅವರು ಮಧ್ಯಾಹ್ನದ ತನಕ ನೀರೇ ಕುಡಿಯುವುದಿಲ್ಲ ಎಂಬುದನ್ನು ಅಲ್ಲಿನ ಒಬ್ಬಾಕೆ ತಲೆಸುತ್ತಿ ಕಾಕುವಿನ ಮೇಲೆಯೇ ಬಿದ್ದ ದಿನ ಕಾಕು ತಿಳಿದುಕೊಂಡರು. ಅಂದಿನಿಂದ ಅವರಿಗೆ ಬೇರೆ ಮಾತಿರಲಿಲ್ಲ. ಒಂದು ತಿಂಗಳು ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿ ಮನೆಮನೆ ಹತ್ತಿ ಇಳಿದರು. ಕಾಕಾನೂ ಕರಪತ್ರ ಹಿಡಿದು ಹಿಂದೆ ಹೋದರು, ಲಿಫ್ಟಿಲ್ಲದ ಕಟ್ಟಡಗಳನ್ನೂ ಬಿಡಲಿಲ್ಲ.

ಆ ವಾರ್ಡಿನಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ, ಪತ್ರಿಕೆಯ ಮಾತಿಗೆ ಬೆಲೆಯಿದೆ. ಒಂದು ಭಾನುವಾರ ನಾನು ಹೋದಾಗ ಮನೆಯಲ್ಲಿ ಪೇಢೆಯ ಪೊಟ್ಟಣ ತೆರೆದಿತ್ತು. ‘ನಮ್ಮ ಬೆಂಬಲ ಇವರಿಗೆ’ ಪಟ್ಟಿಯಲ್ಲಿ ಕಾಕುವಿನ ಫೋಟೋ! ‘ಒಂದೇ ಗುರಿಗೆ ನಿಷ್ಠರಾಗಿ ನಿಂತ ಗೃಹಿಣಿ. ಮನೆ ನಡೆಸಿದವರಿಗೆ ನಗರ ನಡೆಸುವುದು ಕಷ್ಟವಲ್ಲ’ ಎಂದು ಬರೆದಿದ್ದರು. ಸಂಪಾದಕರ ನಾದಿನಿ ಕಾಕುವಿನ ಹತ್ತಿರ ಬ್ಲೌಸು ಹೊಲಿಯಲು ಕಲಿತವಳು ಎಂಬುದು ಎಲ್ಲರಿಗೂ ಗೊತ್ತು. ಕಾಕು ಪ್ರಚಾರಕ್ಕೆ ಹೊರಟರು, ಹೊರಡುವಾಗ ನನ್ನ ಬಾಯಿಗೆ ಒಂದು ಪೇಢೆ ಇಟ್ಟರು.

ಅವರು ಮೆಟ್ಟಿಲಿಳಿದ ಮೇಲೆ ಕಾಕಾ ಕತ್ತರಿ ತಂದರು. ಕತ್ತರಿಸಿದರು. ಸ್ಕೆಚ್ ಪೆನ್ನು ತೆಗೆದು ಹೆಂಡತಿಯ ಹೆಸರಿನ ಮೇಲೆ ತಿಕ್ಕಿದರು. ಫೋಟೋದ ಮೇಲೆ ಮಾತ್ರ ಪೆನ್ನು ಸ್ವಲ್ಪ ತಡವಾಗಿ ಹೋಯಿತು. ಆಮೇಲೆ ಫೈಲಿನಿಂದ ಹಿಂದಿನ ಚುನಾವಣೆಯ ಒಂದು ಕಟಿಂಗು ತೆಗೆದು ಪಕ್ಕದಲ್ಲಿಟ್ಟರು. ಆಗ ಇದೇ ವಾರ್ಡಿನಲ್ಲಿ ಉಡುಪಿ ಕಡೆಯ ಒಬ್ಬರು, ಖಾನಾವಳಿ ನಡೆಸುವವರು, ಎಲ್ಲರೂ ಅಕ್ಕ ಎನ್ನುವವರು, ಪಕ್ಷೇತರರಾಗಿ ನಿಂತಿದ್ದರು. ಕೇಳಿದ್ದೂ ಇದೇ ಮಾರ್ಕೆಟಿಗೆ ಇದೇ ಶೌಚಾಲಯ. ಪತ್ರಿಕೆ ಬರೆದಿತ್ತು: ‘ಒಂದೇ ಬೇಡಿಕೆಯನ್ನು ಮೊಂಡಾಗಿ ಹಿಡಿದು ನಿಂತವರು, ಅಡುಗೆಮನೆಯಾಚೆ ಅನುಭವವಿಲ್ಲದವರು, ನಗರ ನಡೆಸಲಾರರು.’

ಕಾಕಾ ಎರಡನ್ನೂ ನನ್ನ ಕಡೆ ಸರಿಸಿ ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂತು. ಇಡೀ ಲೋಕವನ್ನು ಅಳೆದದ್ದಾಯಿತಲ್ಲ, ಇದೊಂದನ್ನು ಬಿಟ್ಟರೆ ಗಂಟೇನು ಹೋಗುತ್ತದೆ?

“ಕಾಕಾ, ಈ ಸಲ ಬಿಡ್ರಿ” ಎಂದೆ.

“ಬಿಟ್ರ, ಇಷ್ಟ ವರ್ಷ ಮಾಡಿದ್ದು ಏನವ್ವಾ, ಟೈಮ್‌ಪಾಸ್?” ಎಂದರು.

ಪತ್ರ ಟೈಪು ಮಾಡಿದೆ. ಇಬ್ಬರು ಹೆಂಗಸರು ಒಂದೇ ಮಾತು ಕೇಳಿದಾಗ ಒಬ್ಬಳದು ನಿಷ್ಠೆ, ಇನ್ನೊಬ್ಬಳದು ಮೊಂಡುತನ ಹೇಗಾಯಿತು, ಖಾನಾವಳಿ ಅಕ್ಕನಿಗೆ ಆದ ಅನ್ಯಾಯವನ್ನು ಒಪ್ಪಿಕೊಳ್ಳಿ ಎಂದಷ್ಟೇ ಇತ್ತು. ಹೆಂಡತಿಯ ವಿರುದ್ಧ ಒಂದಕ್ಷರವಿರಲಿಲ್ಲ. ಆದರೂ ಕಳಿಸುವ ಬಟನ್ನು ಒತ್ತಲು ನನ್ನ ಬೆರಳು ಬರಲಿಲ್ಲ. ಕಾಕಾ ತಾವೇ ತೋರುಬೆರಳಿನಿಂದ ಒತ್ತಿದರು.

ಇಷ್ಟು ವರ್ಷ ಒಂದು ಪತ್ರವನ್ನೂ ಹಾಕದ ಪತ್ರಿಕೆ ಇದನ್ನು ಮಾತ್ರ ಮತದಾನಕ್ಕೆ ಮುಂಚಿನ ಸಂಚಿಕೆಯ ಮುಖಪುಟದಲ್ಲಿ, ಚೌಕಟ್ಟು ಕಟ್ಟಿ ಹಾಕಿತು! ತಲೆಬರಹ: ‘ಉಮೇದವಾರರ ಪತಿಯಿಂದಲೇ ಆಕ್ಷೇಪ.’

ಕಾಕು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಸುಳ್ಳೇನ ಬರದಿಲ್ಲ ನೀವು” ಎಂದರು. ಕನ್ನಡಕ ತೆಗೆದಿಟ್ಟು, “ನನಗೊಂದ್ ಮಾತು ಹೇಳಬಹುದಿತ್ತು” ಎಂದರು. ಪೇಪರು ಮಡಚಿ ಚೀಲಕ್ಕೆ ಹಾಕಿಕೊಂಡು ನೇರವಾಗಿ ಖಾನಾವಳಿ ಅಕ್ಕನ ಮನೆಗೆ ನಡೆದರು. ನಾನೂ ಹಿಂದೆಯೇ ಹೋದೆ.

ಅಕ್ಕ ಪತ್ರ ಓದಿದರು. “ನಿಮ್ಮ ಯಜಮಾನ್ರಿಗೆ ಮಂಡೆ ಸಮ ಇಲ್ಲ ಮಾರಾಯ್ರೆ” ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಆದ್ರೆ ನಂಗೆ ಆದದ್ದು ಅನ್ಯಾಯ ಅಂತ ಬರೆದವ್ರು ಅವ್ರೊಬ್ರೇ” ಎಂದು ಚಪ್ಪಲಿ ಮೆಟ್ಟಿ ಪ್ರಚಾರಕ್ಕೆ ಹೊರಟೇಬಿಟ್ಟರು. ಉಳಿದ ದಿನಗಳಲ್ಲಿ ಇಬ್ಬರೂ ಕೂಡಿಯೇ ಓಡಾಡಿದರು.

ಕಾಕು ಸೋತರು. ಮೂರನೆಯ ಸ್ಥಾನ. ಪತ್ರದಿಂದಲೇ ಸೋತರೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಕ್ಷೌರದ ಅಂಗಡಿಯಲ್ಲಿ ಮಾತ್ರ ಯಾರೋ, ಗಂಡನೇ ಬೇಡವೆಂದ ಮೇಲೆ ನಾವು ಯಾಕೆ ವೋಟು ಹಾಕಬೇಕು ಎಂದು ನಕ್ಕರಂತೆ. ಕಾಕಾ ಪಕ್ಕದ ಕುರ್ಚಿಯಲ್ಲಿ ಸೋಪು ಹಚ್ಚಿಸಿಕೊಂಡು ಕೂತಿದ್ದರಂತೆ. ಅದರ ಮುಂದಿನ ಭಾನುವಾರ ನಾನು ಹೋದರೆ ಕಟಿಂಗೇ ಬರಲಿಲ್ಲ, ನೇರವಾಗಿ ಚಹಾ ಬಂತು. ನಂಬಿದರೆ ನಂಬಿ, ಕಟಿಂಗು ಎಲ್ಲಿ ಎಂದು ನಾನೇ ಕಪಾಟಿನ ಕಡೆ ನೋಡಿದೆ.

ಚಹಾ ಆದ ಮೇಲೆ ಕಾಕಾ ಲ್ಯಾಪ್‌ಟಾಪು ತೆಗೆಯಲು ಹೇಳಿದರು. ಕಾಕು ಅಡುಗೆಮನೆಯಲ್ಲಿದ್ದರು. ಕಾಕಾ ಕಿಟಕಿಯ ಕಡೆ ಮುಖ ಮಾಡಿ ಹೇಳತೊಡಗಿದರು, ನಾನು ಬರೆದುಕೊಂಡೆ. ಈ ಉಮೇದವಾರಳಿಗೆ ಮಾರ್ಕೆಟಿನ ಒಬ್ಬೊಬ್ಬ ಹೆಂಗಸಿನ ಮಕ್ಕಳ ಹೆಸರೂ ಗೊತ್ತು. ಈಕೆ ಕೊಟ್ಟ ಮಾತು ಮರೆತದ್ದನ್ನು ನಾನು ಕಂಡಿಲ್ಲ. ನಾನು ತಪ್ಪು ಮಾಡಿದಾಗಲೂ ನಾಲ್ಕು ಜನರ ಎದುರು ನನ್ನನ್ನು ಸಣ್ಣವನಾಗಿ ಮಾಡಿದವಳಲ್ಲ. ಇಂಥ ಉಮೇದವಾರಳು ಈ ವಾರ್ಡಿನಲ್ಲಿ ಹಿಂದೆ ನಿಂತಿಲ್ಲ, ಇನ್ನು ಮುಂದೆಯೂ ನಿಲ್ಲುವುದಿಲ್ಲ. ಮತದಾರರು ತಪ್ಪು ಮಾಡಿದ್ದಾರೆ.

ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ. ನನ್ನನ್ನು ತಯಾರು ಮಾಡಿದವರೇ ಅವರಲ್ಲವೇ?

“ಕಾಕಾ, ಇದಕ್ಕ ಪಕ್ಷಪಾತ ಅಂತಾರ.”

“ಹೌದು, ಪಕ್ಷಪಾತನ” ಎಂದರು, ತಿರುಗಿ ನೋಡದೆ. “ನೀ ಬರಿಯವ್ವಾ.”

ಬರೆದೆ. ಬರೆದದ್ದನ್ನು ಓದಿ ತೋರಿಸುವುದು ವಾಡಿಕೆ, ಓದಿದೆ. ಮುಗಿಸುವಾಗ ಕಾಕು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

“ಕುಕ್ಕರಿನ ಸಪ್ಪಳದಾಗ ನನಗೇನೂ ಕೇಳಸಲಿಲ್ಲವ್ವಾ” ಎಂದರು. “ಇನ್ನೊಮ್ಮೆ ಓದು, ಮೊದಲಿಂದ.”

ಕುಕ್ಕರನ್ನು ಅವರು ಇನ್ನೂ ಒಲೆಗೆ ಏರಿಸಿರಲಿಲ್ಲ. ನಾನು ಮೊದಲಿನಿಂದ ಓದಿದೆ.