ಹನ್ನೆರಡನೆಯ ದಿನದ ಕಟ್ಟು

ಸೋಮವಾರ, ಬೆಳಿಗ್ಗೆ ಐದೂವರೆ. ಸ್ಥಳ: ಪಿರಿಯಾಪಟ್ಟಣದ ಪಕ್ಕದ ಹಳ್ಳಿ, ನನ್ನ ಮೈದುನನ ಮನೆಯ ನಡುಮನೆ. ಹಾಜರಿದ್ದವರು: ನಾನು, ನನ್ನ ಓರಗಿತ್ತಿ (ಅವಳ ಹೊಟ್ಟೆಗೆ ಶಸ್ತ್ರಚಿಕಿತ್ಸೆಯಾಗಿ ಇವತ್ತಿಗೆ ಹನ್ನೆರಡನೆಯ ದಿನ), ಅವಳ ಗಂಡ, ಅಂದರೆ ನನ್ನ ಮೈದುನ, ಮತ್ತು ಎದುರುಮನೆಯಿಂದ ಒಳ್ಳೆಯ ಸೀರೆ ಉಟ್ಟು ಬಂದು ಕೂತಿದ್ದ ನಮ್ಮ ಗಂಡಂದಿರ ಸೋದರತ್ತೆ. ಏಳಕ್ಕೆ ಮೈಸೂರಿಗೆ ಕಾರು. ರೋಗಿ ಹೋಗಬೇಕು, ಗಂಡ ಹೋಗಬೇಕು, ನೋಡಿಕೊಳ್ಳುವವಳು ನಾನು ಹೋಗಬೇಕು. ಸೋದರತ್ತೆ ಯಾಕೆ?

"ನಾನೇ ಕರೆದೆ ಕಣಕ್ಕ. ಬರ್ಲಿ ಬುಡಿ, ಅತ್ತೆ ಆಸ್ಪತ್ರೆ ನೋಡ್ದಂಗಾಯ್ತದೆ" ಎಂದಳು ಓರಗಿತ್ತಿ.

ಸೋದರತ್ತೆಗೆ ಎಂಬತ್ತರ ಹತ್ತಿರ. ಅವರು ನೋಡದ ಆಸ್ಪತ್ರೆ ಜಿಲ್ಲೆಯಲ್ಲಿ ಉಳಿದಿಲ್ಲ. ಆದರೂ ನಾನು ಹೆಚ್ಚು ಕೇಳಲಿಲ್ಲ. ಆ ಮನೆಯಲ್ಲಿ ಕೇಳುವ ಕೆಲಸ ನನ್ನದಲ್ಲ.

ನನ್ನ ಓರಗಿತ್ತಿ ಹುಟ್ಟಿದಾಗಿನಿಂದ ಹಗಲು ಹೊತ್ತಿನಲ್ಲಿ ಒಂದೂ ಪ್ರಶ್ನೆ ಕೇಳದೆ ಸತತ ಮೂರೂವರೆ ಗಂಟೆ ಇದ್ದದ್ದು ಒಂದೇ ಸಲ. ಅದು ಅರಿವಳಿಕೆ ಕೊಟ್ಟಾಗ. ಅದೂ ಕೊಡಲು ಬಂದ ಡಾಕ್ಟರನ್ನು "ನಿದ್ದೆ ಮೊದ್ಲು ಕಣ್ಗೆ ಬತ್ತದಾ, ಕಾಲ್ಗಾ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಲಾಗದೆ ಮಲಗಿದಳು. ಎಚ್ಚರವಾದ ಮೇಲೆ ಮೊದಲು ಹೇಳಿದ್ದು "ಅರ್ಧ ಏಳಿದ್ರಿ, ಆಮೇಲೆ?" ಎಂದು.

ಜಗಳಕ್ಕೆ ಕೇಳುವವಳಲ್ಲ, ಜಂಬಕ್ಕೂ ಅಲ್ಲ. ತಿಳಿಯಬೇಕು, ಅಷ್ಟೆ. ಪಶುವೈದ್ಯರು ಹಸುವಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದಾಗ "ಒಳಗೆ ಬಿಸಿ ಐತಾ ಸಾ?" ಎಂದು ಕೇಳಿದವಳು. ಕಂಬ ಹತ್ತಿದ ಲೈನ್‌ಮನ್ನನ್ನು, ತಂತಿಯ ಮೇಲೆ ಕೂತ ಗುಬ್ಬಿ ಯಾಕೆ ಸಾಯುವುದಿಲ್ಲ ಎಂದು ಕೆಳಗಿನಿಂದ ಕೇಳಿದಳು. ಆತನೂ ಒಳ್ಳೆಯವನು, ಅಲ್ಲೇ ನಿಂತು ವಿವರಿಸಿದ. ಅಷ್ಟು ಹೊತ್ತೂ ಊರಿಗೆ ಕರೆಂಟ್ ಇರಲಿಲ್ಲ.

ಆದರೆ ಒಂದು ಶಿಸ್ತು ಅವಳಲ್ಲಿದೆ, ನಾನು ಮೆಚ್ಚುವಂಥದ್ದು. ಕೇಳಿದ್ದನ್ನು ಎರಡನೆಯ ಸಲ ಕೇಳುವುದಿಲ್ಲ. ಅವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಶಾಖ ಎಷ್ಟಿದೆ ಎಂದು ಗಂಟೆಗೊಮ್ಮೆ ಬರೆದಿಡುವ ಉದ್ದನೆಯ ಪುಸ್ತಕವೊಂದಿದೆ. ಅದರ ಹಿಂದಿನ ಪುಟಗಳಲ್ಲಿ ಪ್ರಶ್ನೆಗಳಿರುತ್ತವೆ. ಉತ್ತರ ಸಿಕ್ಕಿದ ಕೂಡಲೇ ಪಕ್ಕದಲ್ಲಿ ಬರೆದು, ಪ್ರಶ್ನೆಯ ಮೇಲೆ ಅಡ್ಡಗೀಟು. ಮುಗಿಯಿತು. ಸರಗೂರಿನಲ್ಲಿ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದ ನಾನೂ ಅಷ್ಟು ಅಚ್ಚುಕಟ್ಟಾಗಿ ರಿಜಿಸ್ಟರ್ ಇಟ್ಟಿಲ್ಲ.

ಇನ್ನು ಹೊಟ್ಟೆಯ ವಿಷಯ. ಅವಳು ದಪ್ಪಗಿನವಳಲ್ಲ, ಕೈಕಾಲು ಕಡ್ಡಿ. ಅವಳಿ ಹೆಣ್ಣುಮಕ್ಕಳನ್ನು ಹೆತ್ತ ಮೇಲೆ ಹೊಟ್ಟೆ ಮಾತ್ರ ವಾಪಸು ಹೋಗಲಿಲ್ಲ, ಹಾಗೇ ಮುಂದಕ್ಕೆ ಜೋತುಬಿತ್ತು. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಿದ್ದರು. ಒಮ್ಮೆ ಹುಣಸೂರು ಬಸ್ಸಿನಲ್ಲಿ ಸೀಟು ಕೊಟ್ಟ ಹೆಂಗಸು "ಎಷ್ಟು ತಿಂಗ್ಳವ್ವಾ?" ಎಂದಿದ್ದಕ್ಕೆ, "ಬರೋ ಬ್ಯಾಸಗೆಗೆ ಇಪ್ಪತ್ತೊಂಬತ್ತು ವರ್ಷ" ಎಂದಳು. ಸೀಟು ಮಾತ್ರ ವಾಪಸು ಕೊಡಲಿಲ್ಲ.

ಈ ಹೊಟ್ಟೆಯಲ್ಲಿ ನನ್ನ ಪಾಲೂ ಇದೆ ಎಂದು ಊರು ಹೇಳುತ್ತಿತ್ತು. ಊರು ಎಂದರೆ ಸೋದರತ್ತೆ. ನಮ್ಮ ಕಡೆ ಬಾಣಂತಿಗೆ ನೀರು ಹಾಕಿದ ಮೇಲೆ ಹಳೆಯ ಮೆತ್ತನೆಯ ಸೀರೆಯಲ್ಲಿ ಹೊಟ್ಟೆ ಬಿಗಿದು ಕಟ್ಟುತ್ತಾರೆ, ದಿನವೂ, ನಲವತ್ತು ದಿನ. ತನಗೆ ತಾನೇ ಕಟ್ಟಿಕೊಂಡರೆ ಬಿಗಿ ಬರುವುದಿಲ್ಲ, ಇನ್ನೊಬ್ಬರ ಕೈ ಬೇಕು. ಆಗ ನಮ್ಮತ್ತೆ ತೀರಿಹೋಗಿದ್ದರು, ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಹಿರಿಯ ಓರಗಿತ್ತಿ ನಾನು. ನನ್ನ ಸರದಿ. ರಜೆ ಹಾಕಿ ಬಂದೆ, ಕಟ್ಟಿದೆ, ಹನ್ನೊಂದು ದಿನ. ಆಮೇಲೆ ಶಾಲೆಗಳು ಶುರುವಾಗುವ ಹೊತ್ತಾಯಿತು, ಹಾಸ್ಟೆಲಿನ ಬಾಗಿಲು ತೆಗೆಯಬೇಕು, ಹೊಸ ಕೆಲಸ. ಹನ್ನೆರಡನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟುಬಿಟ್ಟೆ. ಕರ್ತವ್ಯ ಎಂದು ಹೇಳಿಕೊಂಡೆ.

ಅಂದಿನಿಂದ ಯಾವ ಮದುವೆಮನೆಯಲ್ಲಾದರೂ ಸರಿ, ಸೋದರತ್ತೆ ಅವಳ ಹೊಟ್ಟೆ ನೋಡಿ, ಆಮೇಲೆ ನನ್ನ ಮುಖ ನೋಡಿ, "ಕಟ್ಟೋರು ದಿಕ್ಕಿದ್ದಿದ್ರೆ ಇಂಗಾಯ್ತಿತ್ತಾ?" ಎನ್ನುವರು. ಅವಳು ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಗುಬ್ಬಿಯ ಬಗ್ಗೆ ಕೇಳಿದವಳು ಇದನ್ನು ಮಾತ್ರ ನನ್ನೆದುರು ಕೇಳಲೇ ಇಲ್ಲ. ಅದೇ ನನಗೆ ಚುಚ್ಚುತ್ತಿತ್ತು. ಸೊಂಟ ನೋವು ಹೆಚ್ಚಿ, ಹೊಕ್ಕಳ ಹತ್ತಿರ ನಿಂಬೆಹಣ್ಣಿನಷ್ಟು ಗಂಟು ಉಬ್ಬಿ, ಸೊಪ್ಪು ವಿಂಗಡಿಸಲು ಅರ್ಧ ಗಂಟೆ ನಿಲ್ಲಲೂ ಆಗದೆ ಹೋದಾಗ ಮೈಸೂರಿನ ಡಾಕ್ಟರು ಆಪರೇಷನ್ ಎಂದರು. ನೋಡಿಕೊಳ್ಳಲು ಯಾರು ಎಂಬ ಮಾತು ಬರುವ ಮೊದಲೇ ಎಚ್.ಡಿ. ಕೋಟೆಯ ನನ್ನ ಮನೆಯಿಂದ ನಾನು ಬ್ಯಾಗು ತುಂಬಿಕೊಂಡು ಬಂದಿದ್ದೆ.

ಡಾಕ್ಟರನ್ನು ನಾನೇ ಕೇಳಬಹುದಿತ್ತು: ಅಂದು ನಲವತ್ತು ದಿನವೂ ಕಟ್ಟಿದ್ದರೆ ಇದು ತಪ್ಪುತ್ತಿತ್ತೇ? ಕೇಳಲಿಲ್ಲ. ತಪ್ಪುತ್ತಿತ್ತು ಎಂದುಬಿಟ್ಟರೆ?

ಮೊದಲ ಭೇಟಿಗೆ ಗಂಡ ಹೆಂಡತಿ ಇಬ್ಬರೇ ಹೋಗಿದ್ದರು. ಎರಡನೆಯದಕ್ಕೆ ನಾನಿದ್ದೆ. ಡಾಕ್ಟರು ಪಾಪ, ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಇದಕ್ಕೆ ಟಮ್ಮಿ ಟಕ್ ಎನ್ನುತ್ತಾರೆ. ಕೆಳಹೊಟ್ಟೆಯಲ್ಲಿ ಈ ಸೊಂಟದಿಂದ ಆ ಸೊಂಟದವರೆಗೆ ಕೊಯ್ದು, ಚರ್ಮ ಮೇಲೆತ್ತಿ, ನಡುವೆ ಅಗಲವಾಗಿ ಬಿಟ್ಟುಕೊಂಡ ಸ್ನಾಯುಗಳನ್ನು ಸೇರಿಸಿ ಹೊಲಿದು, ಗಂಟನ್ನೂ ಸರಿಮಾಡಿ, ಹೆಚ್ಚಿನ ಚರ್ಮ ತೆಗೆದು, ಉಳಿದದ್ದನ್ನು ಕೆಳಕ್ಕೆ ಎಳೆದು ಹೊಲಿಯುವುದು.

"ಗೋಣಿಚೀಲ ಸಡ್ಲ ಆಗದೆ ಅಂತ ಬಾಯಿ ಮಡಚಿ ದಬ್ಬಣ ಆಕ್ತೀರಿ. ಅಷ್ಟೇ ತಾನೇ?"

ಡಾಕ್ಟರು ತಾವು ಬರೆದ ಚಿತ್ರ ನೋಡಿದರು. "ಅಷ್ಟೇ" ಎಂದರು. ಅಷ್ಟು ವರ್ಷದ ಓದು ಒಂದು ದಬ್ಬಣಕ್ಕೆ ಬಂದು ನಿಂತ ಬೇಸರ ಮುಖದಲ್ಲಿತ್ತು.

"ಚರ್ಮ ಕೆಳಕ್ಕೆ ಎಳುದ್ರೆ ಒಕ್ಕಳೂ ಕೆಳಕ್ಕೆ ಓಯ್ತದಲ್ಲ?"

"ಇಲ್ಲಮ್ಮ. ಹೊಕ್ಕಳು ಇದ್ದಲ್ಲೇ ಇರುತ್ತೆ. ಎಳೆದ ಚರ್ಮಕ್ಕೆ ಹೊಸ ತೂತು ಮಾಡಿ ಅದನ್ನ ಆಚೆ ತರ್ತೀವಿ."

ಅವಳಿಗೆ ಆದ ಸಂತೋಷ ನಾನು ಹೇಳಲಾರೆ. ಕಾರಿನಲ್ಲಿ ಹುಣಸೂರಿನವರೆಗೂ ಒಬ್ಬಳೇ ನಗುತ್ತಿದ್ದಳು. "ಗುಂಡಿ ಅಲ್ಲೇ, ಕಾಜ ಹೊಸ್ದು" ಎಂದು.

ಕೊನೆಗೆ ತಂಬಾಕಿನ ಮಾತು ಬಂತು. ಅಭ್ಯಾಸ ಇದ್ದರೆ ಒಂದು ತಿಂಗಳ ಮುಂಚೆಯೇ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ ಎಂದರು ಡಾಕ್ಟರು. ಎಲೆ ಅಡಿಕೆಯ ಜೊತೆ ಅವಳಿಗೆ ಒಂದು ಎಸಳು ಹೊಗೆಸೊಪ್ಪು ಬೇಕು.

"ಬಾಯ್ಗೆ ಆಕ್ಕಳಲ್ಲ ಬುಡಿ. ಆದ್ರೆ ಡಾಕ್ಟ್ರೇ, ನಮ್ಮನೇಲಿ ಒಂದು ರೂಮು ತುಂಬ ಅದೇ ಐತೆ. ಮೂಸಬೋದಾ?"

ಮೈದುನ ಬೀಗದ ಕೈಯನ್ನು ನನಗೆ ಕೊಟ್ಟ. ಒಂದು ತಿಂಗಳು ಆ ರೂಮಿನ ವಾರ್ಡನ್ ಆದೆ. ಅವಳು ಒಂದು ಸಲವೂ ಬೀಗದ ಹತ್ತಿರ ಸುಳಿಯಲಿಲ್ಲ. ನನ್ನ ಹಾಸ್ಟೆಲಿನ ಯಾವ ಹುಡುಗಿಯ ಬಗ್ಗೆಯೂ ಇಷ್ಟು ಧೈರ್ಯವಾಗಿ ಹೇಳಲಾರೆ.

ಆಪರೇಷನ್ ಆದ ಮಾರನೆಯ ದಿನ ಡಾಕ್ಟರು ಬಂದಾಗ ಕೇಳಿದ್ದು, ತೆಗೆದದ್ದನ್ನು ತೋರಿಸಿ ಎಂದು. ಅದನ್ನು ಕೊಡುವ ಪದ್ಧತಿ ಇಲ್ಲ, ಆದರೆ ಎರಡು ಕೆಜಿಯ ಮೇಲಿತ್ತು ಎಂದರು. ಅವಳು ದಿಂಬಿನಿಂದ ತಲೆಯೆತ್ತಲಾಗದೆ ಅಲ್ಲಿಂದಲೇ ಕೇಳಿದಳು: "ಚೀಲ ಸೇರ್ಸಿಯಾ, ಚೀಲ ಕಳುದಾ?"

ಇನ್ನು ಚೇತರಿಕೆ. ಯಾರಾದರೂ ಇದನ್ನು ಮಾಡಿಸಿಕೊಳ್ಳುವವರಿದ್ದರೆ ತಿಳಿದಿರಲಿ, ಮೊದಲ ವಾರ ನೆಟ್ಟಗೆ ನಿಲ್ಲುವ ಹಾಗಿಲ್ಲ. ಹೊಲಿಗೆ ಎಳೆಯುತ್ತದೆ. ಸೊಂಟ ಬಗ್ಗಿಸಿಯೇ ನಡೆಯಬೇಕು, ಬೆನ್ನಿಗೆ ದಿಂಬು ಕೊಟ್ಟು ಮಂಡಿ ಮಡಚಿಯೇ ಮಲಗಬೇಕು. ಆದರೆ ಮಲಗಿಯೇ ಇರುವಂತಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಆಗಾಗ ನಡೆಯಲೇಬೇಕು. ಇದೆಲ್ಲ ಕಾಗದದಲ್ಲಿ ಬರೆದುಕೊಟ್ಟಿದ್ದರು, ನಾನು ಎರಡು ಸಲ ಓದಿದ್ದೆ. ಆದರೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳನ್ನು ಮೊದಲ ಸಲ ನಡೆಸುವಾಗ ಮೂವತ್ತೊಂದು ವರ್ಷದ ಬಾಯಿ ಸುಮ್ಮನಿರಬೇಕಲ್ಲ? "ಬೆನ್ನು ನೇರ" ಎಂದುಬಿಟ್ಟೆ. ಅವಳೂ ವಿಧೇಯಳಾಗಿ ನೇರವಾಗಲು ಹೋಗಿ ಅಯ್ಯೋ ಎಂದಳು. ಓಡಿಬಂದ ನರ್ಸು ನನ್ನನ್ನು ಗದರಿಸಿದ ರೀತಿಗೆ ನಾನೇ ಬೆನ್ನು ನೇರ ಮಾಡಿಕೊಂಡು ನಿಂತೆ.

ಕೆಮ್ಮಿದರೆ ನೋವು, ಸೀನಿದರೆ ನೋವು, ನಕ್ಕರೆ ಎಲ್ಲಕ್ಕಿಂತ ನೋವು. ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಬೇಕು. ಮೈದುನ ತಮಾಷೆಯ ಮನುಷ್ಯನಲ್ಲ, ಆದರೆ ಆರು ವಾರ ಅವಳು ಭಾರ ಎತ್ತುವಂತಿಲ್ಲವೆಂದು ಅಡುಗೆಮನೆಗೆ ಇಳಿದ. ಅವನು ಮುದ್ದೆ ಕಟ್ಟುವುದನ್ನು ನೋಡಿದ ಅವಳು ದಿಂಬು ತಬ್ಬಿಕೊಂಡು ಕಣ್ಣಲ್ಲಿ ನೀರು ಸುರಿಸಿದಳು.

"ಆಚ್ಗೋಗ್ರಪ್ಪಾ, ಒಲಿಗೆ ಕಿತ್ಕಂಡ್ರೆ ನೀವೇ ಜವಾಬ್ದಾರಿ."

"ಏನ್ಮಾಡ್ದೆ ನಾನು?" ಎಂದ ಅವನು, ಕೈತುಂಬ ಹಿಟ್ಟು ಮೆತ್ತಿಕೊಂಡು.

ಹೊಟ್ಟೆಯ ಎರಡು ಬದಿಗೆ ಎರಡು ಸಣ್ಣ ಕೊಳವೆ, ತುದಿಯಲ್ಲಿ ಬುಗ್ಗೆಯಂಥ ಡಬ್ಬಿ. ಒಳಗಿನ ನೀರು ಅದರಲ್ಲಿ ಸೇರುತ್ತದೆ. ಬೆಳಿಗ್ಗೆ ಆರು, ಸಂಜೆ ಆರು, ಅಳೆದು ಆ ಬ್ಯಾರನ್ ಪುಸ್ತಕದಲ್ಲೇ ಬರೆಯುವುದು ನನ್ನ ಕೆಲಸ. ನೋಡಲು ಬಂದವರಿಗೆಲ್ಲ ಅವಳು ಆ ಡಬ್ಬಿಗಳನ್ನು ಕೂಸು ತೋರಿಸಿದ ಹಾಗೆ ತೋರಿಸಿದಳು. "ಮೊದ್ಲು ಕೆಂಪಗಿತ್ತು, ಈಗ ನೋಡಿ, ಬೇಳೆಕಟ್ಟಿನ ಬಣ್ಣ." ಬಂದವರು ಕಾಫಿ ಕುಡಿಯದೆ ಎದ್ದರು. ಸೋದರತ್ತೆ ಮಾತ್ರ ದಿನಾ ಬೆಳ್ಳುಳ್ಳಿ ಸುಟ್ಟು ತುಪ್ಪದಲ್ಲಿ ಅದ್ದಿ ತಂದರು. ಹೆರಿಗೆ ಅಲ್ಲ ಅತ್ತೆ ಎಂದರೂ ಕೇಳಲಿಲ್ಲ.

"ಒಟ್ಟೆ ಖಾಲಿ ಆದ್ಮೇಲೆ ಎಲ್ಲಾ ಬಾಣಂತೀನೇ ಕಣಮ್ಮಿ. ಈ ಸಲನಾದ್ರೂ ನೆಟ್ಗೆ ಕಟ್ಟುಸ್ಕ" ಎನ್ನುವರು, ನನ್ನ ಮುಖ ನೋಡಿ.

ಕಟ್ಟುತ್ತಿದ್ದೆ. ಹೊಲಿದ ಸ್ನಾಯುಗಳಿಗೆ ಆಸರೆಯಾಗಲು, ಊತ ಇಳಿಯಲು, ಅಗಲವಾದ ಬೆಲ್ಟು, ಆರು ವಾರ. ಬಗ್ಗಿಕೊಂಡೇ ಇರುವವಳಿಗೆ ತಾನೇ ಕಟ್ಟಿಕೊಳ್ಳಲಾಗದು. ಬೆಳಿಗ್ಗೆ ಸಂಜೆ ನಾನೇ ಬಿಚ್ಚಿ ನಾನೇ ಕಟ್ಟಿದೆ. ಕೆಳಹೊಟ್ಟೆಯ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶ ತಿಳಿಯದು ಎಂದಿದ್ದರು. ಅವಳು ಕಣ್ಣು ಮುಚ್ಚಿ, ನನ್ನ ಕೈಗೆ ಒಂದು ಚಮಚ ಕೊಟ್ಟು, ಅಲ್ಲಿ ಮುಟ್ಟಿ ಇಲ್ಲಿ ಮುಟ್ಟಿ ಎಂದು, ಹಳೆಯ ಕ್ಯಾಲೆಂಡರಿನ ಹಿಂದೆ ತನ್ನ ಹೊಟ್ಟೆಯ ನಕ್ಷೆ ಬರೆದಳು. ನಕ್ಷೆಯಲ್ಲಿ ಸ್ಪರ್ಶ ತಿಳಿಯುವ ಜಾಗ ಪಿರಿಯಾಪಟ್ಟಣದಷ್ಟು, ತಿಳಿಯದ ಜಾಗ ನಾಗರಹೊಳೆಯಷ್ಟು.

ಹೀಗೆ ಇವತ್ತು ಹನ್ನೆರಡನೆಯ ದಿನ, ಹತ್ತು ಗಂಟೆಗೆ, ನಾಲ್ವರೂ ಡಾಕ್ಟರ ಮುಂದೆ. ಕೊಳವೆ ತೆಗೆದರು. "ಉದ್ದ ಎಷ್ಟು?" ಎಂದಳು, ತೋರಿಸಿದರು. ನಿಧಾನವಾಗಿ ನೆಟ್ಟಗೆ ನಿಲ್ಲಬಹುದು ಎಂದರು. ನಿಂತಳು, ಮುಕ್ಕಾಲು ನೆಟ್ಟಗೆ, ಕೆಳಗೆ ನೋಡಿದಳು. "ಅಕ್ಕಾ, ಕಾಲುಂಗರ ಕಾಣ್ತದೆ." ಊತ ಪೂರ್ತಿ ಇಳಿಯಲು ಕೆಲವು ತಿಂಗಳು, ಗೆರೆ ಮಾಸಲು ವರ್ಷ, ಪೂರ್ತಿ ಹೋಗುವುದಿಲ್ಲ ಎಂದೂ ಹೇಳಿದರು. ಎಲ್ಲ ಮುಗಿದು ನಾವು ಏಳುವಾಗ ಅವಳು ಮತ್ತೆ ಕೂತಳು.

"ಇನ್ನೊಂದು ಕೇಳ್ಬೇಕು ಡಾಕ್ಟ್ರೇ. ನಾನು ಅವಳಿ ಎತ್ತಾಗ ನಲವತ್ತು ದಿನ ಒಟ್ಟೆ ಕಟ್ಟಿಸ್ಕಂಡಿದ್ರೆ ಇಂಗಾಯ್ತಿರ್ಲಿಲ್ವಾ?"

ನಾನು ಕಿಟಕಿ ನೋಡಿದೆ. ಕಿಟಕಿಯಲ್ಲಿ ಏನಿತ್ತೋ ತಿಳಿಯದು.

"ಹಾಗೇನಿಲ್ಲಮ್ಮ. ಕಟ್ಟಿದರೆ ಸೊಂಟಕ್ಕೆ ಆಸರೆ, ಮನಸ್ಸಿಗೆ ಹಿತ. ನಿಮಗೆ ಅವಳಿ, ಸ್ನಾಯು ತೀರಾ ಅಗಲ ಬಿಟ್ಟುಕೊಂಡಿತ್ತು. ನಲವತ್ತು ದಿನ ಅಲ್ಲ, ವರ್ಷ ಕಟ್ಟಿದ್ದರೂ ಅದು ಕೂಡ್ತಿರಲಿಲ್ಲ."

"ವಸಿ ಜೋರಾಗಿ ಏಳಿ ಡಾಕ್ಟ್ರೇ, ನಮ್ಮತ್ತೆಗೆ ಕಿವಿ ಮಂದ."

ಸೋದರತ್ತೆಗೆ ಎದುರುಮನೆಯ ಪಿಸುಮಾತೂ ಕೇಳುತ್ತದೆ. ಡಾಕ್ಟರು ಜೋರಾಗಿ ಇನ್ನೊಮ್ಮೆ ಹೇಳಿದರು.

ಹಿಂದಿರುಗಲು ಮತ್ತೆ ಅದೇ ಕಾರು. ಹುಣಸೂರು ದಾಟಿದ ಮೇಲೆ ಸೋದರತ್ತೆ ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ, ನನ್ನ ಕಡೆ ಹಿಡಿದರು. "ತಕ. ಬಾಯಿ ಒಣಗಿರ್ತದೆ" ಎಂದರು. ನಾನು ಎಲೆ ಅಡಿಕೆ ಹಾಕುವವಳಲ್ಲ. ತೆಗೆದುಕೊಂಡೆ.

ಸಂಜೆ ಆರಕ್ಕೆ ಅಳೆಯಲು ಏನೂ ಇರಲಿಲ್ಲ. ಕೊಳವೆ ತೆಗೆದದ್ದನ್ನು ಬರೆದಿಡೋಣವೆಂದು ಬ್ಯಾರನ್ ಪುಸ್ತಕ ತೆಗೆದೆ. ಹಾಳೆ ಮಗುಚಿ ಹಿಂದಿನ ಪ್ರಶ್ನೆಗಳ ಕಡೆ ಹೋಯಿತು. ಮೊದಲ ಭೇಟಿಯ ಪುಟ, ನಾನಿಲ್ಲದಾಗಿನದು. ಮೊದಲನೆಯ ಪ್ರಶ್ನೆ, ನೋವಾಗುತ್ತದೆಯೇ ಎಂಬುದಕ್ಕಿಂತ ಮೇಲೆ: "ಬಾಣಂತನದಲ್ಲಿ ಕಟ್ಟಿದ್ದರೆ ತಪ್ಪುತ್ತಿತ್ತಾ." ಪಕ್ಕದಲ್ಲಿ ಅವಳ ಅಕ್ಷರ: "ಇಲ್ಲ." ಮೇಲೆ ಅಡ್ಡಗೀಟು. ಒಂದಲ್ಲ, ಎರಡು. ಎರಡನೆಯದು ಹೊಸದು, ಇವತ್ತಿನದು.

ಪುಸ್ತಕ ಮುಚ್ಚಿಟ್ಟೆ. ಅವಳು ಮಂಚದ ಅಂಚಿಗೆ ಬಂದು ಕೈ ಎತ್ತಿ ನಿಂತಿದ್ದಳು. ಬೆಲ್ಟನ್ನು ಕೆಳಗಿನಿಂದ ಮೇಲಕ್ಕೆ, ಒಂದು ಪಟ್ಟಿ, ಎರಡು, ಮೂರು.

"ಬಿಗಿ ಆಯ್ತೇನೇ?"

"ಇನ್ನೊಂದು ಚೂರು ಎಳೀರಿ ಅಕ್ಕ. ಹಾಂ, ಅಂಗೆ."

ಹನ್ನೆರಡನೆಯ ದಿನದ ಕಟ್ಟು, ಸಂಜೆ ಆರೂ ಇಪ್ಪತ್ತಕ್ಕೆ ಮುಗಿಯಿತು.